ಐರಿಷ್ ಜಂಪ್ ಸೀಸನ್ 2025-26: ಯಾವ ಹೊಸ ಕುದುರೆಗಳ ಮೇಲೆ ಕಣ್ಣಿಟ್ಟಿದ್ದೀರಿ?

ನಾಸ್ ನಿವಾಸಿ

ಎಲ್ಲರಿಗೂ ನಮಸ್ಕಾರ. ಐರ್ಲೆಂಡ್‌ನ ಕಿಲ್ಡೇರ್ ಕೌಂಟಿಯ ನಾಸ್‌ಗೆ ಬಂದು ಮೂರು ವರ್ಷ ಆಯ್ತು. ಬೆಂಗಳೂರಲ್ಲಿದ್ದಾಗ ದಿನಾ ಬಸ್ಸಲ್ಲಿ ರೇಸ್ ಕೋರ್ಸ್ ರಸ್ತೆ ದಾಟ್ತಿದ್ದೆ, ಒಳಗೆ ಮಾತ್ರ ಒಂದು ದಿನವೂ ಕಾಲಿಟ್ಟವನಲ್ಲ. ಅಪ್ಪನ ಪ್ರಕಾರ ಅದು ಮನೆ ಹಾಳು ಮಾಡೋ ಜಾಗ. ಇಲ್ಲಿ ಪಕ್ಕದ ಮನೆ ಅಜ್ಜ ಈ ಸಲ ಪಂಚೆಸ್‌ಟೌನ್ ಜಂಪ್ ರೇಸ್ ಹಬ್ಬಕ್ಕೆ, ಅಂದ್ರೆ ಕುದುರೆಗಳು ಅಡೆತಡೆ ಹಾರಿ ಓಡೋ ಓಟಕ್ಕೆ, ಬಿಡದೆ ಕರ್ಕೊಂಡು ಹೋದ್ರು. ಫೆನ್ಸ್ ಪಕ್ಕದಲ್ಲೇ ನಿಲ್ಲಿಸಿದ್ರು. ಅಷ್ಟೂ ಕುದುರೆ ಗುಂಪಾಗಿ ಹಾರಿದಾಗ ನನಗೆ ಮೊದಲು ಕೇಳಿಸಿದ್ದು ಗೊರಸಿನ ಸದ್ದಲ್ಲ, ಒಣ ಕಡ್ಡಿ ಪಟಪಟ ಮುರಿಯೋ ಸದ್ದು. ಆಮೇಲೆ ಜಾಕಿಗಳ ಬೈಗುಳ. ಅವತ್ತಿಂದ ಹುಚ್ಚು ಹತ್ತಿದೆ.

ಈಗ 2025ರ ಅಕ್ಟೋಬರ್, ಚಳಿಗಾಲದ ಸೀಸನ್ ಶುರು. ಹತ್ತು ಕುದುರೆ ಆರಿಸಿ ಮುಂದಿನ ವರ್ಷದ ಪಂಚೆಸ್‌ಟೌನ್‌ವರೆಗೂ ಅವುಗಳ ಹಿಂದೆ ಬೀಳೋಣ ಅಂತ ಇದ್ದೀನಿ. ದುಡ್ಡು ಕಟ್ಟೋಕಲ್ಲ, ನೋಡೋಕೆ. ಸದ್ಯಕ್ಕೆ ಐದು ಹೆಸರು ಬರ್ಕೊಂಡಿದ್ದೀನಿ: ಕೊಪೆಕ್ ದೆ ಬೋರ್ದ್, ಫೈನಲ್ ಡಿಮ್ಯಾಂಡ್, ಬ್ಯಾಂಬಿನೊ ಫೀವರ್, ಜಾಸ್ಮಿನ್ ದ ವೋ, ರೋಮಿಯೊ ಕೂಲಿಯೊ. ಉಳಿದ ಐದು ನೀವು ಹೇಳಿ.

ಕುಡ್ಲದ ಕೋಣ

ಸ್ವಾಗತ ಮಾರಾಯ್ರೆ. ಪಟ್ಟಿ ಚಂದ ಉಂಟು. ಆದ್ರೆ ಇದು ಹೊಸ ಕುದುರೆಗಳ ಪಟ್ಟಿ ಅಲ್ಲ, ಹೋದ ಮಾರ್ಚ್‌ನ ಪೇಪರ್ ಕಟಿಂಗ್. ಕೊಪೆಕ್ ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್ ಹಬ್ಬದಲ್ಲಿ ಸುಪ್ರೀಂ ರೇಸ್ ಗೆದ್ದಾಯ್ತು, ಜಾಸ್ಮಿನ್ ಆಲ್ಬರ್ಟ್ ಬಾರ್ಟ್ಲೆಟ್ ಗೆದ್ದಾಯ್ತು, ಬ್ಯಾಂಬಿನೊ ಚಾಂಪಿಯನ್ ಬಂಪರ್. ಫೈನಲ್ ಡಿಮ್ಯಾಂಡ್ ಅಲ್ಲೇ ಇನ್ನೊಂದು ರೇಸಿನಲ್ಲಿ ಮೂರನೇದು, ರೋಮಿಯೊ ಸುಪ್ರೀಂನಲ್ಲಿ ಮೂರನೇದು. ಐದರಲ್ಲಿ ನಾಲ್ಕು ಟ್ರೇನರ್ ವಿಲಿ ಮಲ್ಲಿನ್ಸ್ ಅವರ ಕ್ಲೋಸಟನ್ ಲಾಯದ್ದು, ಒಂದು ಗಾರ್ಡನ್ ಎಲಿಯಟ್ ಅವರದ್ದು. ಇವನ್ನು ಹಿಂಬಾಲಿಸುದು ಅಂದ್ರೆ ತೇರಿನ ಹಿಂದೆ ನಡೆದ ಹಾಗೆ. ಕಾಣದೆ ಹೋಗುವ ಹೆದರಿಕೆಯೇ ಇಲ್ಲ.

ನಮ್ಮೂರಲ್ಲಿ ಕಂಬಳದ ಹುಚ್ಚು ಇದ್ದವರು ನೇಗಿಲು ಕಿರಿಯ ವಿಭಾಗದಲ್ಲಿ ಓಡಿದ ಜೋಡಿಯನ್ನು ನೆನಪಿಟ್ಟುಕೊಂಡು, ಮುಂದೆ ಅದು ಹಿರಿಯದಲ್ಲಿ ಕರೆಗೆ ಇಳಿಯುವಾಗ "ನಾನು ಆಗ್ಲೇ ಹೇಳಿದ್ದೆ" ಅಂತಾರಲ್ಲ, ಇಲ್ಲಿಯೂ ಖುಷಿ ಇರುವುದು ಅದರಲ್ಲೇ.

ಹೊಸಬರಿಗೆ ಮೆಟ್ಟಿಲು ಗೊತ್ತಿದ್ರೆ ಸಾಕು. ಮೊದಲು ಬಂಪರ್. ಲಾಟರಿ ಬಂಪರ್ ಅಲ್ಲ! ಎರಡು ಮೈಲಿ ಆಸುಪಾಸಿನ ಓಟ, ಹಾರಲಿಕ್ಕೆ ಏನೂ ಇಲ್ಲ, ಇಲ್ಲಿ ಹೆಚ್ಚಾಗಿ ಹವ್ಯಾಸಿ ಸವಾರರೇ. ಅವರು ಜೀನಿನ ಮೇಲೆ ಕುಪ್ಪಳಿಸ್ತಿದ್ರು ಅಂತ ಆ ಹೆಸರಂತೆ. ಮುಂದೆ ಮೈಡನ್ ಹರ್ಡಲ್, ಇನ್ನೂ ಗೆಲ್ಲದವಕ್ಕೆ. ಅದು ಗೆದ್ದರೆ ನಾವಿಸ್ ಹರ್ಡಲ್, ಹೊಸಬರದ್ದು. ಹರ್ಡಲ್ ಮೂರೂವರೆ ಅಡಿ, ಕಾಲು ತಾಗಿದ್ರೆ ಬಗ್ಗುತ್ತದೆ. ವರ್ಷ ಕಳೆದು ಬಿಗಿನರ್ಸ್ ಚೇಸ್. ಅಲ್ಲಿ ಬರ್ಚ್ ಕಡ್ಡಿಯ ಫೆನ್ಸ್, ನಾಲ್ಕೂವರೆ ಅಡಿ, ಅದು ಬಗ್ಗುವ ಜಾತಿ ಅಲ್ಲ. ನೀವು ಕೇಳಿದ ಕಡ್ಡಿ ಮುರಿಯುವ ಸದ್ದು ಅದೇ.

ರೇಸ್‌ಕೋರ್ಸ್ ರಸ್ತೆ

ಬೆಂಗಳೂರಿನಿಂದ ಒಬ್ಬ ಫ್ಲಾಟ್ ರೇಸ್ (ಏನೂ ಹಾರದೆ ಬರೀ ಓಡೋ ರೇಸ್) ಹುಚ್ಚನ ಪ್ರಶ್ನೆ. ಜಾಸ್ಮಿನ್ ಹುಟ್ಟಿದ್ದು 2019ರಲ್ಲಿ, ಅಂದ್ರೆ ಆರು ವರ್ಷ. ನಮ್ಮ ಕಡೆ ಮೂರಕ್ಕೆ ಡರ್ಬಿ ಓಡಿ, ಹೆಸರು ಮಾಡಿದ್ದು ಐದು ತುಂಬೋ ಹೊತ್ತಿಗೆ ಮರಿ ಹುಟ್ಟಿಸೋ ಸ್ಟಡ್ ಫಾರ್ಮ್ ಸೇರಿರುತ್ತೆ. ಆರು ವರ್ಷದ್ದನ್ನ "ಹೊಸ ಕುದುರೆ" ಅಂತೀರಲ್ಲ ಸ್ವಾಮಿ?

ಕುಡ್ಲದ ಕೋಣ

ಇದರಲ್ಲೇ ಗುಟ್ಟು ಇರುವುದು. ಜಂಪ್ ಕುದುರೆಗಳಲ್ಲಿ ಹೆಚ್ಚಿನವು ಗೆಲ್ಡಿಂಗ್, ಬೀಜ ತೆಗೆಸಿದ ಗಂಡು. ಎಷ್ಟು ದೊಡ್ಡ ರೇಸ್ ಗೆದ್ದರೂ ಸ್ಟಡ್ಡಿಗೆ ಹೋಗ್ಲಿಕ್ಕಿಲ್ಲ. ಹಾಗಾಗಿ ಪ್ರತಿ ಅಕ್ಟೋಬರ್ ತಿರುಗಿ ಬರ್ತದೆ, ಹತ್ತು ಹನ್ನೊಂದು ವರ್ಷದವರೆಗೂ. ಈ ವರ್ಷ ಇಂಗ್ಲೆಂಡಿನ ದೊಡ್ಡ ಜಂಪ್ ರೇಸ್ ಗ್ರ್ಯಾಂಡ್ ನ್ಯಾಷನಲ್ ಗೆದ್ದ ನಿಕ್ ರಾಕೆಟ್‌ಗೆ ಎಂಟು ವರ್ಷ. ಚೆಲ್ಟೆನ್‌ಹ್ಯಾಮಿನ ಗೋಲ್ಡ್ ಕಪ್ ಗೆದ್ದ ಐನೋದವೇಯುರ್‌ಥಿಂಕಿನ್‌ಗೆ ಏಳು, ಅದನ್ನೇ "ಸಣ್ಣ ಪ್ರಾಯ" ಅಂದ್ರು ಇಲ್ಲಿ. ಫ್ಲಾಟ್‌ನಲ್ಲಿ ನೀವು ಕುದುರೆಯ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಅದಕ್ಕೆ ಮದುವೆ ಆಗಿರ್ತದೆ.

ಶಿವಮೊಗ್ಗ ಮಳೆ

ವಯಸ್ಸಿನ ಮಾತು ಬಂತು, ಒಂದು ಸುಲಭ ಉಪಾಯ ಹೇಳ್ತೀನಿ. ಫ್ರಾನ್ಸ್‌ನಲ್ಲಿ ಎಕ್ಯೂಪಿಎಸ್ ಅಂತ ಒಂದು ತಳಿ ಇದೆ. ಅದರಲ್ಲಿ ಒಂದೊಂದು ವರ್ಷ ಹುಟ್ಟಿದ ಮರಿಗಳಿಗೆ ಒಂದೊಂದು ಅಕ್ಷರದಿಂದ ಹೆಸರಿಡೋದು ಪದ್ಧತಿ. ಬೇರೆ ಫ್ರೆಂಚ್ ಕುದುರೆಗಳ ಮಾಲೀಕರೂ ಸುಮಾರು ಜನ ಅದನ್ನೇ ಅನುಸರಿಸ್ತಾರೆ. 2016 ಜಿ: ಗಾಲೋಪಿನ್ ದೆ ಶಾಂ. 2019 ಜೆ: ಜಾಸ್ಮಿನ್. 2020 ಕೆ: ಕೊಪೆಕ್. ಹಾಗಾಗಿ ಈ ಅಕ್ಟೋಬರ್‌ನಲ್ಲಿ ಎಲ್ ಅಕ್ಷರದ ಫ್ರೆಂಚ್ ಹೆಸರು ಕಂಡ್ರೆ ಬಹುಪಾಲು ನಾಲ್ಕು ವರ್ಷದ್ದೇ. ನಮ್ಮಲ್ಲಿ ಜನ್ಮನಕ್ಷತ್ರ ನೋಡಿ ಅಕ್ಷರ ತೆಗೆಯೋ ಹಾಗೆ. ಎಲ್ಲದಕ್ಕೂ ಅನ್ವಯಿಸಲ್ಲ, ಆದ್ರೂ ರೇಸ್‌ಕಾರ್ಡ್ ನೋಡುವಾಗ ಉಪಯೋಗಕ್ಕೆ ಬರುತ್ತೆ.

ಹೆಸರಿನ ಮುಂದೆ "ಮಿನೆಲ್ಲಾ" ಅಂತಿದ್ರೆ ಕ್ಲಾನ್‌ಮೆಲ್‌ನ ಹೋಟೆಲ್ ಮಿನೆಲ್ಲಾದ ಮನೆತನದವರು ಬೆಳೆಸಿದ್ದು ಅಂತ ಲೆಕ್ಕ. 2021ರ ಗೋಲ್ಡ್ ಕಪ್ ಮಿನೆಲ್ಲಾ ಇಂಡೋ, ಅದೇ ವರ್ಷದ ನ್ಯಾಷನಲ್ ಮಿನೆಲ್ಲಾ ಟೈಮ್ಸ್. ಒಂದು ಹೋಟೆಲಿನ ಹೆಸರು ಎರಡೂ ಕಡೆ!

ಕಾರ್ಕಿನ ಪೇಡಾ

ಎಲ್ಲಾರೂ ಬಂಪರ್‌ನಿಂದನ ಶುರು ಮಾಡಾಕತ್ತೀರಿ. ಅದಕ್ಕೂ ಮೊದಲ ಒಂದು ಮೆಟ್ಟಲಾ ಐತ್ರೀ, ಪಾಯಿಂಟ್-ಟು-ಪಾಯಿಂಟ್. ಯಾರದರ ಒಬ್ಬ ರೈತನ ಹೊಲಾ. ನಾಕು ದಿಕ್ಕಿಗೆ ಹಗ್ಗಾ ಕಟ್ಟಿರ್ತಾರ, ಕೆಸರಾಗ ಕಾರು ನಿಂತಿರ್ತಾವ, ಒಂದು ಚಿಪ್ಸ್ ಗಾಡಿ, ಛತ್ರಿ ಹಿಡಕೊಂಡ ನಾಕೈದು ಬುಕ್ಕಿ. ನಾಕು ವರ್ಷದ ಕುದರಿ ಜೀವನದಾಗ ಮೊದಲನೇ ಸಲ ಮೂರು ಮೈಲಿ ಫೆನ್ಸ್ ಜಿಗೀತಾವ. ವೆಕ್ಸ್‌ಫರ್ಡ್ ಕಡೆಯವರು ಇದನ್ನ ಉದ್ಯೋಗನ ಮಾಡಿಕೊಂಡಾರ: ಮೂರು ವರ್ಷದ ಕುದರಿ ಜೂನ್‌ದಾಗ ಫೇರಿಹೌಸ್‌ನ ಡರ್ಬಿ ಸೇಲಿನ್ಯಾಗ ಕೊಂಡು, ಪಳಗಿಸಿ, ಒಂದು ಪಾಯಿಂಟ್ ಗೆಲ್ಲಿಸಿ, ಚೆಲ್ಟೆನ್‌ಹ್ಯಾಮ್ ಸೇಲಿಗೆ ಹಾಕೂದು. ನಮ್ಮ ಕಡೆ ಕರಾ ಕೊಂಡು, ಹೋರಿ ಮಾಡಿ, ಜಾತ್ರ್ಯಾಗ ಮಾರಿಧಂಗ.

ಮತ್ತ ಈ ಆಟಾ ಹುಟ್ಟಿದ್ದು ನಮ್ಮ ಕಾರ್ಕ್ ಕೌಂಟಿಯಾಗನ ಅಂತ ಹೇಳ್ತಾರ್ರೀ. 1752ರಾಗ ಇಬ್ಬರು ಪಂಥಾ ಕಟ್ಟಿ ಬಟವಂಟ್ ಚರ್ಚಿನಿಂದ ಡೊನರೇಲ್ ಚರ್ಚಿನ ಗೋಪುರದ ತನಕಾ, ನಾಕೂವರಿ ಮೈಲಿ, ನಡುವ ಬಂದ ಗ್ವಾಡಿ ಹಳ್ಳಾ ಎಲ್ಲಾ ಜಿಗಿಸಿಕೊಂಡು ಹೋದರು. ಗೋಪುರಕ್ಕ ಸ್ಟೀಪಲ್ ಅಂತಾರ, ಅದಕ್ಕ ಸ್ಟೀಪಲ್‌ಚೇಸ್.

ಆದ್ರ ನಾಸ್ ಅಣ್ಣಾರ, ರೇಟು ನೋಡಿ ಪಟ್ಟಿ ಮಾಡಬ್ಯಾಡ್ರಿ. ಸ್ಯಾಮ್‌ಕ್ರೋ ನೆನಪೈತಿ? ಒಂದ ಪಾಯಿಂಟ್ ಗೆದ್ದಿತ್ತು, 3,35,000 ಪೌಂಡಿಗೆ ಮಾರಾಟಾತು. 2018ರಾಗ ಚೆಲ್ಟೆನ್‌ಹ್ಯಾಮಿನ್ಯಾಗ ಬ್ಯಾಲಿಮೋರ್ ಗೆದ್ದಾಗ ಮಂದಿ ದೇವರನ್ನ ನೋಡಿಧಂಗ ನೋಡಿದರು. ಮುಂದಿನ ಸೀಸನ್ ಎಲ್ಲಾ ಸಪ್ಪಗ. 2020ರಾಗ ಒಂದು ಮೂಗಿನ ಅಂತರದಾಗ ಮಾರ್ಶ್ ಚೇಸ್ ಗೆದ್ದಿದ್ದು ಖರೆ, ಆದ್ರ ಗೋಲ್ಡ್ ಕಪ್ಪಿನ ಆಸೆ ಅಲ್ಲಿಗೇ ನಿಂತಿತು. ಇನ್ನ ಹನಿಸಕಲ್? ಮೂರು ವರ್ಷಕ್ಕ ಆಕಿ ರೇಟು ಬರೇ 9,500 ಯೂರೋ. ಪಾಯಿಂಟ್ ಗೆದ್ದ ಮ್ಯಾಲೆ 1,10,000. ಆಮೇಲೆ ಒಂದರ ಹಿಂದ ಒಂದು ಹದಿನಾರು ರೇಸ್ ಸೋಲಲೇ ಇಲ್ಲ, ಎರಡು ಚಾಂಪಿಯನ್ ಹರ್ಡಲ್. ರೇಟು ಅಂದ್ರ ಕೊಂಡವರ ಆಸೆ ಅಷ್ಟ.

ನಾಸ್ ನಿವಾಸಿ

ಪೇಡಾ ಸರ್, ಹಾಗಾದ್ರೆ ಯಾವುದನ್ನ ನೋಡ್ಲಿ? ದೊಡ್ಡ ಲಾಯ ಬೇಡ, ರೇಟು ಬೇಡ, ಗೆದ್ದಿದ್ದೂ ಬೇಡ ಅಂದ್ರೆ ಉಳಿದಿದ್ದೇನು?

ರೇಸ್‌ಕೋರ್ಸ್ ರಸ್ತೆ

ಜ್ಯೋತಿಷ್ಯ.

ಮೊದಲ ಲಾಟ್

ಇಷ್ಟು ದಿನ ಓದಿಕೊಂಡು ಸುಮ್ಮನಿದ್ದೆ. ನಾನು ಇದೇ ಕಿಲ್ಡೇರ್ ಕೌಂಟಿಯ ಒಂದು ಲಾಯದಲ್ಲಿ ವರ್ಕ್ ರೈಡರ್, ಅಂದ್ರೆ ಕುದುರೆಗಳಿಗೆ ದಿನಾ ತಾಲೀಮು ಕೊಡೋ ಸವಾರ, ಯಾವುದು ಅಂತ ಕೇಳಬೇಡಿ. ಮೊದಲು ಬೆಂಗಳೂರಲ್ಲಿ ಏಳು ವರ್ಷ ರೈಡಿಂಗ್ ಬಾಯ್ ಆಗಿದ್ದೆ. ಅಲ್ಲಿ ನನ್ನನ್ನ ಯಾವ ಕುದುರೆಯೂ ಬೀಳಿಸಿರಲಿಲ್ಲ. ಇಲ್ಲಿಗೆ ಬಂದ ಎರಡನೇ ವಾರ ಒಂದು ಸಣ್ಣ ಹರ್ಡಲ್ ಮುಂದೆ ಕುದುರೆ ನಿಂತುಬಿಡ್ತು, ನಾನೊಬ್ಬನೇ ಹಾರಿದೆ. ಬಾಯಿ ತುಂಬ ಕೆಸರು. ಎಲ್ಲ ನಕ್ಕು ನಕ್ಕು ಸುಸ್ತಾದ್ರು, ಆಮೇಲೆ ಲಾಯದ ಮೇಸ್ತ್ರಿ, ಹೆಡ್ ಲ್ಯಾಡ್, ಟೀ ಮಾಡಿ ಕೊಟ್ಟ.

ಹೊಸ ಕುದುರೆಗೆ ಜಿಗಿಯೋದು ಕಲಿಸುವಾಗ ಮೊದಲು ಬೆನ್ನ ಮೇಲೆ ಯಾರೂ ಇರಲ್ಲ. ಸುತ್ತ ಗೋಡೆ ಇರೋ ಅಂಗಳದಲ್ಲಿ ಬಿಟ್ಟು, ನೆಲದ ಮೇಲೆ ಮರದ ಕಂಬ, ಆಮೇಲೆ ಒಂದು ದಿಮ್ಮಿ, ಹಾಗೇ ಎತ್ತರ ಮಾಡ್ತಾ ಹೋಗ್ತೀವಿ. ಆಗ ಗೊತ್ತಾಗುತ್ತೆ. ಕೆಲವು ದಿಮ್ಮಿಯಿಂದ ಎಷ್ಟೋ ದೂರ ಇರುವಾಗಲೇ ಕಿವಿ ನೆಟ್ಟಗೆ ಮಾಡಿ ಹೆಜ್ಜೆ ಲೆಕ್ಕ ಹಾಕ್ತವೆ: ಒಂದು ಹೆಜ್ಜೆ ಚಿಕ್ಕದು, ಇನ್ನೊಂದು ಉದ್ದ, ಸರಿಯಾಗಿ ಬಂದು ಎದ್ದೇಳುತ್ತೆ. ಕೆಲವು ಹತ್ತಿರ ಬರೋವರೆಗೂ ನೋಡೋದೇ ಇಲ್ಲ, ಗಾಬರಿಯಲ್ಲಿ ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಬೆಕ್ಕಿನ ಥರ ಹಾರುತ್ತೆ. ಎರಡನೇದಕ್ಕೂ ಕಲಿಸಬಹುದು. ಮೊದಲನೇದಕ್ಕೆ ಕಲಿಸೋ ಅಗತ್ಯವೇ ಇಲ್ಲ.

ಹಾಗಾಗಿ ರೇಸ್‌ನಲ್ಲಿ ಯಾವುದು ಗೆಲ್ತು ಅಂತ ಒಂದು ಸಲ ನೋಡಿ, ಆಮೇಲೆ ಅದೇ ರೇಸ್ ಇನ್ನೊಂದು ಸಲ ಹಾಕಿ ಗೆದ್ದಿದ್ದನ್ನ ಬಿಟ್ಟು ಉಳಿದವನ್ನ ನೋಡಿ. ಮೈಡನ್ ಹರ್ಡಲ್‌ನಲ್ಲಿ ಮೊದಲ ಹರ್ಡಲ್‌ಗೆ ಇಪ್ಪತ್ತು ಕುದುರೆ ಒತ್ತಾಗಿ ಹೋಗ್ತವೆ. ಮುಂದಿನ ಕುದುರೆಯ ಹಿಂಭಾಗ ಬಿಟ್ಟು ಬೇರೇನೂ ಕಾಣಲ್ಲ. ಅಂಥ ಜಾಗದಲ್ಲಿ ಶಾಂತವಾಗಿ ಹಾರಿದ್ದು ಯಾವುದು, ಬರ್ಕೊಳ್ಳಿ. ಕೊನೆ ಹರ್ಡಲ್ ತಪ್ಪಿ ಕುಸಿದು, ಆಮೇಲೂ ಎದ್ದು ಓಡಿ ನಾಲ್ಕನೇ ಸ್ಥಾನಕ್ಕೆ ಬಂದಿದ್ದು ಯಾವುದು, ಅದನ್ನೂ ಬರ್ಕೊಳ್ಳಿ. ಸವಾರ ಕೈ ಆಡಿಸದೇ ಮೂರನೇದು ಬಂದಿದ್ದರೆ ಅದರ ಕೆಳಗೆ ಎರಡು ಗೆರೆ ಹಾಕಿ.

ಇನ್ನೊಂದು. ಕೆಲವು ಕುದುರೆ ಹಾರುವಾಗ ಬಲಕ್ಕೆ ವಾಲ್ತವೆ. ಪಂಚೆಸ್‌ಟೌನ್, ಫೇರಿಹೌಸ್, ಗೌರನ್ ಪಾರ್ಕ್ ಬಲಗೈ ಟ್ರ್ಯಾಕ್, ಬಲಕ್ಕೆ ತಿರುಗೋದು, ಅಲ್ಲಿ ತೊಂದರೆ ಕಾಣಲ್ಲ. ಅದನ್ನೇ ನಾವನ್, ನಾಸ್, ಲೆಪರ್ಡ್ಸ್‌ಟೌನ್‌ಗೆ ತಂದ್ರೆ ಎಡಕ್ಕೆ ತಿರುಗಬೇಕು, ಪ್ರತಿ ಫೆನ್ಸ್‌ಗೂ ಒಂದೊಂದು ಲೆಂತ್ (ಕುದುರೆಯುದ್ದ) ಕಳ್ಕೊಳ್ಳುತ್ತೆ. ಚೆಲ್ಟೆನ್‌ಹ್ಯಾಮ್ ಕೂಡ ಎಡಗೈ. ಗೌರನ್‌ನಲ್ಲಿ ಚಿಂದಿ ಮಾಡಿದ ಕುದುರೆ ಲೆಪರ್ಡ್ಸ್‌ಟೌನ್‌ನಲ್ಲಿ ಸಪ್ಪೆ ಆದಾಗ ಜನ ಜಾಕಿನ ಬೈತಾರೆ. ಯಾವ ಕಡೆ ವಾಲ್ತು ಅಂತ ಒಬ್ಬರೂ ನೋಡಿರಲ್ಲ.

ನಾಳೆ ಬೆಳಿಗ್ಗೆ ಎರಡು ಕುದುರೆಗೆ ಕೂದಲು ಕತ್ತರಿಸೋದಿದೆ. ಅಕ್ಟೋಬರ್ ಬಂದ್ರೆ ಬೇಡ ಅನ್ನಿಸೋ ಕೆಲಸ ಅಂದ್ರೆ ಅದೊಂದೇ. ಮೂರು ಸಲ ಸ್ನಾನ ಮಾಡಿದ್ರೂ ಬನಿಯನ್ ಒಳಗೆ ಕುದುರೆ ಕೂದಲು ಚುಚ್ಚುತ್ತೆ.

ಕಾರ್ಕಿನ ಪೇಡಾ

ಇದಕ್ಕಂತಾರ ನೋಡ್ರಿ ಬರಿಯೂದು! ತಮ್ಮಾ, ನೀ ಇಷ್ಟು ದಿನಾ ಎಲ್ಲಿದ್ದಿ?

ಕುಡ್ಲದ ಕೋಣ

ಮೊದಲ ಲಾಟ್ ಅವರ ಮಾತಿಗೆ ಸಾಕ್ಷಿ ಹೇಳ್ಲಿಕ್ಕೆ ಎನ್ವಾಯ್ ಆಲೆನ್ ಉಂಟು. 2018ರಲ್ಲಿ ಪಾಯಿಂಟ್ ಗೆದ್ದು 4,00,000 ಪೌಂಡಿಗೆ ಹೋದದ್ದು. ರೂಲ್ಸ್ ಅಡಿ, ಅಂದ್ರೆ ಪಾಯಿಂಟ್ ಬಿಟ್ಟು ರೇಸ್‌ಕೋರ್ಸ್‌ಗಳಲ್ಲಿ, ಓಡಿದ ಮೊದಲ ಹನ್ನೊಂದೂ ಗೆಲುವು: 2019ರ ಚಾಂಪಿಯನ್ ಬಂಪರ್, ರಾಯಲ್ ಬಾಂಡ್, 2020ರ ಜನವರಿಯಲ್ಲಿ ನಾಸ್‌ನ ಲಾಲರ್ಸ್, ಬ್ಯಾಲಿಮೋರ್. ಡ್ರಿನ್‌ಮೋರ್ ಕೂಡ. 2021ರಲ್ಲಿ ಚೆಲ್ಟೆನ್‌ಹ್ಯಾಮಿನಲ್ಲಿ ಎಲ್ಲರೂ ಗೆಲ್ತದೆ ಅಂತ ಕೂತಿದ್ದಾಗ ಬಿತ್ತು. ನಂತರ ಸೋತದ್ದೂ ಉಂಟು, ಜನ ಮರೆತದ್ದೂ ಉಂಟು. 2023ರಲ್ಲಿ ಅದೇ ಕುದುರೆ ರಾಯನ್‌ಏರ್ ಚೇಸ್ ಗೆದ್ದಿತು, ಸವಾರಿ ರೇಚಲ್ ಬ್ಲ್ಯಾಕ್‌ಮೋರ್. ಅಷ್ಟು ವರ್ಷ ಪಟ್ಟಿಯಲ್ಲಿ ಇಟ್ಟುಕೊಂಡವನಿಗೆ ಮಾತ್ರ ಅವತ್ತಿನ ಬೆಲೆ ಗೊತ್ತು. (ನಾನು 2022ರಲ್ಲಿ ತೆಗೆದುಹಾಕಿದ್ದೆ. ಹೆಂಡತಿ ಇವತ್ತಿಗೂ ನೆನಪು ಮಾಡ್ತಾಳೆ.)

ನಾಸ್ ಅವರೇ, ನಿಮ್ಮ ಮನೆ ಹತ್ತಿರದ ಆ ಲಾಲರ್ಸ್ ನಾವಿಸ್ ಹರ್ಡಲ್ ಬಿಡಬೇಡಿ. ಜನವರಿ ಮೊದಲಲ್ಲಿ, ಸುಮಾರು ಎರಡೂವರೆ ಮೈಲಿ. ಈ ವರ್ಷ ಗೆದ್ದ ದಿ ಯೆಲ್ಲೋ ಕ್ಲೇ ಮಾರ್ಚ್‌ನಲ್ಲಿ ನಿಮ್ಮ ಫೈನಲ್ ಡಿಮ್ಯಾಂಡ್‌ಗಿಂತ ಮುಂದೆ ಬಂತು. ಅದಕ್ಕೆ ಮೊದಲು ನವೆಂಬರ್‌ನಲ್ಲಿ ನಾವನ್, ತಿಂಗಳ ಕೊನೆಗೆ ಫೇರಿಹೌಸ್, ಕ್ರಿಸ್‌ಮಸ್‌ಗೆ ಲೆಪರ್ಡ್ಸ್‌ಟೌನ್ ನಾಲ್ಕು ದಿನ. ಚಿರತೆಯ ಊರಲ್ಲ ಅದು, ಹಿಂದೆ ಕುಷ್ಠರೋಗಿಗಳ ಆಸ್ಪತ್ರೆ ಇದ್ದ ಜಾಗವಂತೆ, ಲೆಪರ್ಸ್ ಟೌನ್.

ಶಿವಮೊಗ್ಗ ಮಳೆ

ದೊಡ್ಡ ಲಾಯ ಪೂರ್ತಿ ಬೇಡ ಅಂತ ನಾನಂತೂ ಹೇಳಲ್ಲ. 2024ರ ಫೆಬ್ರವರಿಯಲ್ಲಿ ಡಬ್ಲಿನ್ ರೇಸಿಂಗ್ ಫೆಸ್ಟಿವಲ್‌ನ ಅತಿ ಮೇಲಿನ ದರ್ಜೆಯ ಎಂಟು ಗ್ರೇಡ್ 1 ರೇಸ್‌ಗಳಲ್ಲಿ ಎಂಟನ್ನೂ ಮಲ್ಲಿನ್ಸ್ ಗೆದ್ದರು. ಈ ವರ್ಷ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಮೊದಲ ಮೂರೂ ಅವರದ್ದೇ, ಗೆದ್ದ ಕುದುರೆ ಮೇಲಿದ್ದಿದ್ದು ಮಗ ಪ್ಯಾಟ್ರಿಕ್. ಆದ್ರೆ ಅವರ ಲಾಯದಲ್ಲಿ ಯಾವುದು ಒಳ್ಳೇದು ಅಂತ ಹೊರಗಿನವರಿಗೆ ತಿಳಿಯಲ್ಲ. ಮಾರ್ಚ್‌ನಲ್ಲಿ ಟ್ರಯಂಫ್ ಹರ್ಡಲ್‌ಗೆ ಮಲ್ಲಿನ್ಸ್ ಹನ್ನೊಂದು ಕುದುರೆ ಇಳಿಸಿದ್ರು. ಗೆದ್ದಿದ್ದು ಪೊನಿರೋಸ್, ಒಂದಕ್ಕೆ ನೂರು! ಅದು ಹರ್ಡಲ್ ಮೇಲೆ ಓಡಿದ ಮೊದಲ ರೇಸೇ ಅದು. ಯಾರ ಪಟ್ಟಿಯಲ್ಲಿತ್ತು ಹೇಳಿ?

ಸಣ್ಣ ಲಾಯದ್ದು ಬೇಕಾದ್ರೆ ಮರೀನ್ ನ್ಯಾಷನಾಲ್ ಇದೆ. ಬ್ಯಾರಿ ಕಾನೆಲ್ ಅವರದ್ದು. 2022ರ ರಾಯಲ್ ಬಾಂಡ್, 2023ರ ಸುಪ್ರೀಂ, ನಡುವೆ ಸೋಲು, ಈ ವರ್ಷ ಚಾಂಪಿಯನ್ ಚೇಸ್. ಬಂಪರ್‌ನಲ್ಲಿ ಎ ಡ್ರೀಮ್ ಟು ಶೇರ್: 2023ರಲ್ಲಿ ಟ್ರೇನರ್ ಜಾನ್ ಕೀಲಿಗೆ ಎಂಬತ್ತು ದಾಟಿತ್ತು, ಸವಾರ ಜಾನ್ ಗ್ಲೀಸನ್ ಇನ್ನೂ ಹದಿಹರೆಯದವ.

ಕಾವೇರಿ ತೀರ

ಬೇಸರ ಮಾಡ್ಕೋಬೇಡಿ, ಒಂದು ಮಾತು. ಮರೀನ್ ನ್ಯಾಷನಾಲ್ ಹೆಸರು ತೆಗೆದ್ರಿ. ಸುಪ್ರೀಂ ಗೆದ್ದಾಗ ಅದರ ಮೇಲಿದ್ದ ಹುಡುಗ ಮೈಕೆಲ್ ಒ'ಸಲಿವನ್ ಈ ಫೆಬ್ರವರಿಯಲ್ಲಿ ಥರ್ಲ್ಸ್‌ನಲ್ಲಿ ಬಿದ್ದು ತೀರಿಕೊಂಡ. 24 ವರ್ಷ. ಕುದುರೆಗಳ ಲೆಕ್ಕ ಬೇರೆ. ನಾನು ಒಂದೇ ಸಲ ರೇಸಿಗೆ ಹೋಗಿದ್ದು. ಕೊನೆ ಫೆನ್ಸ್ ಹತ್ತಿರ ಬಿದ್ದ ಕುದುರೆ ಸುತ್ತ ಹಸಿರು ಪರದೆ ತಂದು ಹಿಡಿದ್ರು, ಜೊತೆಯಲ್ಲಿದ್ದ ಮಗಳು "ಅಪ್ಪ, ಅದಕ್ಕೆ ಯಾಕೆ ಟೆಂಟ್ ಹಾಕ್ತಿದ್ದಾರೆ" ಅಂತ ಕೇಳಿದ್ಲು. ಮತ್ತೆ ಹೋಗಿಲ್ಲ. ನೀವೆಲ್ಲ ಪಟ್ಟಿ ಮಾಡಿ ಪ್ರೀತಿಸೋ ಕುದುರೆಗೆ ಇದು ಆದಾಗ ಏನು ಮಾಡ್ತೀರಿ?

ಮೊದಲ ಲಾಟ್

ಸರ್, ಉತ್ತರ ಇಲ್ಲ. ದಿನಾ ಸಂಜೆ ಬರಿಗೈಯಲ್ಲಿ ಕಾಲು ಸವರಿ ನೋಡ್ತೀವಿ, ಟೆಂಡನ್ (ಕಾಲಿನ ನರದ ಹುರಿ) ಎಲ್ಲಾದ್ರೂ ಬಿಸಿ ಇದ್ಯಾ ಅಂತ. ಸ್ವಲ್ಪ ಬಿಸಿ ಅನ್ನಿಸಿದ್ರೂ ಅದು ಮರುದಿನ ಹೊರಗೆ ಹೋಗಲ್ಲ. ಅಷ್ಟು ನೋಡಿಕೊಂಡ್ರೂ ಹೋದ ವರ್ಷ ನಾನು ನೋಡಿಕೊಳ್ತಿದ್ದ ಒಂದು ಹೆಣ್ಣು ಕುದುರೆ ರೇಸಿನಿಂದ ವಾಪಸ್ ಬರಲಿಲ್ಲ. ಲಾರಿಯಲ್ಲಿ ಖಾಲಿ ಲಗಾಮು ಹಿಡ್ಕೊಂಡು ಬಂದೆ. ಒಂದು ವಾರ ಅದರ ಬಾಗಿಲ ಮುಂದೆ ಹೋಗಲಿಲ್ಲ. ಈಗ ಅಲ್ಲಿ ಬೇರೆ ಕುದುರೆ ಇದೆ, ಕಚ್ಚುತ್ತೆ. ನಿಮ್ಮ ಮಗಳಿಗೆ ಏನು ಹೇಳಬೇಕು ಅಂತ ನನಗೂ ತಿಳಿಯಲ್ಲ.

ಕಾವೇರಿ ತೀರ

ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್.

ಕುಡ್ಲದ ಕೋಣ

ಗ್ರ್ಯಾಂಡ್ ನ್ಯಾಷನಲ್‌ನಲ್ಲಿ 2024ರಿಂದ 40ರ ಬದಲು 34 ಕುದುರೆ ಮಾತ್ರ ಬಿಡುವುದು, ಇದೇ ಕಾರಣಕ್ಕೆ. ಸಾಕಾ ಅಂತ ಕೇಳಿದ್ರೆ ಸಾಕಾಗಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಆದ್ರೂ ನೋಡ್ತೇನೆ. ಸುಳ್ಳು ಯಾಕೆ ಹೇಳುದು.

ರೇಸ್‌ಕೋರ್ಸ್ ರಸ್ತೆ

ನಾಸ್ ಅಣ್ಣ, ಕೊನೆಗೂ ದುಡ್ಡು ಕಟ್ತೀರಾ ಇಲ್ವಾ? ಅದೊಂದು ಹೇಳಿ.

ನಾಸ್ ನಿವಾಸಿ

ಇಲ್ಲ ಅಂದೆನಲ್ಲ. ಪೂರ್ತಿ ನಿಜ ಹೇಳ್ಬೇಕು ಅಂದ್ರೆ ಒಂದು ಸಲ ಕಟ್ಟಿದ್ದೆ. ಪಕ್ಕದ ಮನೆ ಅಜ್ಜನ ಮಾತು ಕೇಳಿ ಕಳೆದ ನವೆಂಬರ್‌ನಲ್ಲೇ ಚೆಲ್ಟೆನ್‌ಹ್ಯಾಮ್‌ಗೆ ಅಂತ 20 ಯೂರೋ. ಜನವರಿಯಲ್ಲಿ ಆ ಕುದುರೆ ಕಾಲು ನೋವು ಮಾಡ್ಕೊಂಡು ಮನೆ ಸೇರ್ತು. ಓಡದಿದ್ರೆ ದುಡ್ಡು ವಾಪಸ್ ಬರುತ್ತೆ ಅಂದ್ಕೊಂಡಿದ್ದೆ. ಅಷ್ಟು ಮುಂಚೆ ಕಟ್ಟಿದ್ದು ವಾಪಸ್ ಬರಲ್ಲವಂತೆ. ಅಪ್ಪನಿಗೆ ಹೇಳಿಲ್ಲ.

ಪಟ್ಟಿ ತಿದ್ದಿದ್ದೀನಿ. ಹಳೇ ಐದರಲ್ಲಿ ಎರಡೇ ಉಳಿಸಿದ್ದೀನಿ. ಬ್ಯಾಂಬಿನೊ ಫೀವರ್, ಹರ್ಡಲ್ ಮೇಲೆ ಹೇಗೆ ಹಾರ್ತಾಳೆ ನೋಡೋ ಆಸೆಗೆ. ಫೈನಲ್ ಡಿಮ್ಯಾಂಡ್, ಫೆನ್ಸ್‌ಗೆ ಹೇಳಿ ಮಾಡಿಸಿದ ಮೈಕಟ್ಟು ಅಂತ ಅನ್ನಿಸಿದ್ದಕ್ಕೆ. ಉಳಿದ ಎಂಟು ಸಾಲು ಖಾಲಿ. ಮೈಡನ್ ಹರ್ಡಲ್‌ಗಳನ್ನ ಎರಡೆರಡು ಸಲ ನೋಡಿ ತುಂಬಿಸ್ತೀನಿ.

ಕಾರ್ಕಿನ ಪೇಡಾ

ಖಾಲಿ ಸಾಲು ತುಂಬಿಸಾಕ ಟೀವಿ ಮುಂದ ಯಾಕ ಕುಂದರ್ತೀರಿ? ಬರೂ ಐತಾರ ನಮ್ಮ ಮನಿಯಿಂದ ಇಪ್ಪತ್ತು ನಿಮಿಷದ ಹಾದಿಗೆ ಒಂದು ಪಾಯಿಂಟ್ ಐತಿ. ನಾಕು ವರ್ಷದವು ಎರಡು ರೇಸ್ ಓಡ್ತಾವ. ಮುಂಜಾನೆ ಎಂಟಕ್ಕ ನಾಸ್ ಬಿಟ್ರ ಆರಾಮ ಮುಟ್ಟತೀರಿ. ಶೂ ಬ್ಯಾಡ, ಮೊಣಕಾಲ ತನಕಾ ಬರೂ ರಬ್ಬರ್ ಬೂಟ್ ಹಾಕ್ಕೊಂಡು ಬರ್ರಿ. ಹ್ವಾದ ವರ್ಷ ನಂದೊಂದು ಚಪ್ಲಿ ಆ ಹೊಲದಾಗನ ಉಳದೈತಿ.

ಮೊದಲ ಲಾಟ್

ಐತವಾರ ನನಗೆ ರಜ. ನಾಸ್ ಸರ್, ಕಾರಲ್ಲಿ ಒಂದು ಸೀಟು ಸಿಗುತ್ತಾ? ಪೆಟ್ರೋಲ್ ಅರ್ಧ ನಂದು.

ನಾಸ್ ನಿವಾಸಿ

ಪೆಟ್ರೋಲ್ ಬೇಡ ಮಾರಾಯ, ಮೊದಲ ಫೆನ್ಸ್ ಹತ್ತಿರ ನಿಂತು ಯಾವುದು ಎಡಕ್ಕೆ ವಾಲುತ್ತೆ, ಯಾವುದು ಬಲಕ್ಕೆ ಅಂತ ತೋರಿಸು ಸಾಕು. ಚಿತ್ರಾನ್ನ ನಮ್ಮ ಮನೆಯಿಂದ. ಎಂಟಕ್ಕಲ್ಲ, ಏಳೂವರೆಗೆ ರೆಡಿ ಇರು.